ಏನೂ ಇಲ್ಲದ ಪೇರಲ ಕೇಕು

‘ಒಗ್ಗೂದಿಲ್ಲ’ ಎಂಬ ಒಂದೇ ಒಂದು ಶಬ್ದವನ್ನು ಅಂಬಾದಾಸ ಒಂದು ವರ್ಷ ಪೂರ್ತಿ, ಹಲ್ಲಿನ ಸಂದಿಗೆ ಸಿಕ್ಕ ಕಡಲೆಯ ಸಿಪ್ಪೆಯನ್ನು ನಾಲಿಗೆಯಿಂದ ತಿವಿದಂತೆ, ತಿವಿಯುತ್ತಲೇ ಇದ್ದ. ಅರವತ್ತೊಂದರ ದಸರೆಯ ದಿನ ಮುಂಜಾನೆ ಸೊಲ್ಲಾಪುರ ರಸ್ತೆಯ ಮಶಾಕಸಾಬನ ಬೇಕರಿ ಭಟ್ಟಿಯ ಮುಂದೆ ನಿಂತಾಗಲೂ ಅದು ಅಲ್ಲೇ ಇತ್ತು. ಆ ಭಟ್ಟಿಯಾದರೂ ಎಂಥಾದ್ದು! ಅದರ ಝಳಕ್ಕೆ ರಸ್ತೆಯ ಆಚೆ ಮಗ್ಗುಲಿನ ಬೇವಿನ ಮರ ವರ್ಷಕ್ಕೆ ಎರಡು ಸಲ ಎಲೆ ಉದುರಿಸುತ್ತಿತ್ತು. ವಿಜಾಪುರದ ಬಿಸಿಲು ಕೂಡ ಅದರ ಬಾಗಿಲಿಗೆ ಬಂದು ಬೆವರು ಒರೆಸಿಕೊಂಡು ಹೋಗುತ್ತಿತ್ತು. ಪಾವು ರೊಟ್ಟಿಗಳೆಲ್ಲ ಹೊರಬಿದ್ದು ಉರಿ ಇಳಿದ ಮೇಲೆ, ಓಣಿಯ ಹೆಂಗಸರು ತಂತಮ್ಮ ಮನೆಯ ನಾನಖಟಾಯಿ ಹಿಟ್ಟನ್ನು ತಗಡಿನಲ್ಲಿಟ್ಟು ತಂದು ಸುಡಿಸಿಕೊಂಡು ಹೋಗುವ ಹೊತ್ತು ಅದು. ಆ ಹೆಂಗಸರ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ಕಾರಕೂನ ಒಬ್ಬನೇ. ಮಶಾಕಸಾಬ ಅವನ ತಗಡಿನ ಮೇಲಿನ ಬಾಳೆ ಎಲೆ ಸರಿಸಿ, ಮೂಸಿ, ಅವನು ಹೇಳಿದ ಪಟ್ಟಿ ಕೇಳಿ ಹುಬ್ಬು ಏರಿಸಿದ.

“ಗೋದಿ ಇಲ್ಲ, ತುಪ್ಪ ಇಲ್ಲ, ಹಾಲಿಲ್ಲ, ತತ್ತಿ ಇಲ್ಲ, ಶೇಂಗಾ ಅಂತೂ ಇಲ್ಲೇ ಇಲ್ಲ. ಮತ್ತ ಇದರಾಗ ಐತೇನು ಬಾಬೂ? ನಿಮ್ಮ ಸಾಹೇಬರ ಹೆದರಿಕಿ ಒಂದ ಐತೇನು?”

“ಪೇರಲ ಐತಿ,” ಎಂದ ಅಂಬಾದಾಸ. “ತಿಕೋಟಾದ ಪೇರಲ.”

“ಪೇರಲ ಹಸೀದ ತಿಂದರ ಸಾಯ್ತಾರೇನು ನಿಮ್ಮ ಮಂದಿ?” ಎಂದು ನಗುತ್ತ ಮಶಾಕಸಾಬ ತಗಡನ್ನು ಉದ್ದ ಹಿಡಿಕೆಯ ಹಲಗೆಯ ಮೇಲಿಟ್ಟು ಒಳಗೆ ತಳ್ಳಿದ. ಹಿಂದಿನ ರವಿವಾರ ಆ ಹಣ್ಣು ತರಲು ಅಂಬಾದಾಸ ತಾನೇ ತಿಕೋಟಾಕ್ಕೆ ಹೋಗಿದ್ದ. ಚೀಲದ ಬಾಯಿ ಬಿಗಿದು ಕಟ್ಟಿದ್ದರೂ ಬಸ್ಸಿನ ತುಂಬ ವಾಸನೆ ಹಬ್ಬಿ, ಕಂಡಕ್ಟರ ತಿಕೀಟು ಹರಿಯುವುದನ್ನು ಮರೆತು ಅವನ ಕಾಲ ಬುಡದಲ್ಲೇ ನಿಂತುಬಿಟ್ಟಿದ್ದ. ಬೇಯಿಸಿ, ತೆಳು ಅರಿವೆಯಲ್ಲಿ ಸೋಸಿ, ಒಂದೊಂದು ಬೀಜವನ್ನೂ ತೆಗೆದದ್ದಾಗಿತ್ತು, ಬೀಜ ಹಲ್ಲಿಗೆ ಸಿಕ್ಕರೆ ಅದೂ ಒಗ್ಗೂದಿಲ್ಲ ಅಂದಾರು ಎಂದು. ಬೆಲ್ಲ, ಒಣದ್ರಾಕ್ಷಿ, ಯಾಲಕ್ಕಿ, ಹಿಡಿದು ನಿಲ್ಲಿಸಲು ಬಾಳೆಹಣ್ಣು, ಗೋದಿಯ ಬದಲು ಜೋಳದ ಹಿಟ್ಟು, ತುಪ್ಪದ ಬದಲು ಕುಸುಬಿ ಎಣ್ಣೆ. ಮೊದಲನೆಯ ಸಲ ಮನೆಯ ಒಲೆಯಲ್ಲಿ ಸುಟ್ಟದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಗೋಳಗುಮ್ಮಟದ ತುದಿಯಿಂದ ಒಗೆದಿದ್ದರೆ ನೆಲ ಒಡೆಯುತ್ತಿತ್ತು, ಅದು ಒಡೆಯುತ್ತಿರಲಿಲ್ಲ. ಎರಡನೆಯದು ಮುಟ್ಟಿದರೆ ಬೂದಿ. ಅವನ ಹೆಂಡತಿ ಸೀತವ್ವ ಎರಡೂ ಸಲ ಬಾಯಿ ಮುಚ್ಚಿಕೊಂಡು ನೋಡಿ, ಮೂರನೆಯ ಸಲಕ್ಕೆ ಅವನ ಕೈಯಿಂದ ಪಾತ್ರೆ ಕಸಿದುಕೊಂಡಿದ್ದಳು. “ಜ್ವಾಳಕ್ಕ ಕುದಿಯೂ ಎಸರ ಬೇಕ. ತಣ್ಣೀರಾಗ ಅದು ಯಾರ ಮಾತೂ ಕೇಳೂದಿಲ್ಲ,” ಎಂದು, ರೊಟ್ಟಿಗೆ ನಾದುವಂತೆ ಕುದಿನೀರಿನಲ್ಲಿ ನಾದಿ, ಆಮೇಲೆ ಹಣ್ಣು ಬೆರೆಸಿದ್ದಳು. ಕುಸುಬಿ ಎಣ್ಣೆಗಾಗಿ ಗಾಣಿಗರ ಮನೆಗೆ ನಸುಕಿನಲ್ಲೇ ಹೋಗಿ ಕೂತವಳೂ ಅವಳೇ. ಶೇಂಗಾ ಹಿಂಡಿದ ಗಾಣದ್ದು ಬೇಡ, ಗಾಣ ತೊಳೆಸಿ ಮೊದಲನೆಯದು ನಮಗೇ ಹಿಂಡಿ ಕೊಡಿರೆಂದು ಹಟ ಹಿಡಿದಿದ್ದಳು. ಪಾತ್ರೆಗೆ ಬೂದಿ ಹಚ್ಚಿ, ಹುಣಸೆ ಹಚ್ಚಿ, ಮತ್ತೆ ಬೂದಿ ಹಚ್ಚಿ ಎಷ್ಟು ತಿಕ್ಕಿದ್ದಳೆಂದರೆ ತಳ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಅವಳು ಇಷ್ಟೆಲ್ಲ ಯಾಕೆ ಮಾಡುತ್ತಿದ್ದಾಳೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳೂ ಅವನನ್ನು ಅದನ್ನೇ ಕೇಳುತ್ತಿದ್ದಳು.

ಸಾಹೇಬರ ಮನೆಯಲ್ಲಿ ಬನ್ನಿ ಕೊಡುವ ಸಂಜೆ ಕಚೇರಿಯ ಮಂದಿಯೆಲ್ಲ ತಂತಮ್ಮ ಮನೆಯಿಂದ ಫರಾಳ ತರಬೇಕು, ಕೂಡಿ ತಿನ್ನಬೇಕು ಎಂಬ ರೂಢಿ ಹಾಕಿದವರು ಶಿವಯೋಗೆಪ್ಪ ಸಾಹೇಬರೇ. “ಸ್ವರಾಜ್ಯ ಬಂದೈತಿ, ಇನ್ನ ಎಲ್ಲಾರೂ ಒಂದ,” ಎಂದು ಅವರು ಒಮ್ಮೆ ಮೀಸೆ ಒರೆಸಿಕೊಳ್ಳುತ್ತ ಅಂದದ್ದನ್ನು ಅಂಬಾದಾಸ ಠಸ್ಸೆ ಒತ್ತಿದ ಹುಕುಮಿನಂತೆ ನಂಬಿದ್ದ. ಹೋದ ವರ್ಷ ಮೊದಲ ಸಲ ಶೇಂಗಾ ಹೋಳಿಗೆ ಒಯ್ದಿದ್ದ. ಊರ ಹೊರಗಿನ ತಮ್ಮ ಕೇರಿಯಿಂದ ಸಾಹೇಬರ ಪಡಸಾಲೆಯವರೆಗೆ ಆ ಹೋಳಿಗೆ ಹೋದದ್ದು ಚಂದ್ರಲೋಕಕ್ಕೆ ಹೋದದ್ದಕ್ಕಿಂತ ದೊಡ್ಡದು ಎಂದು ಅವನು ಕೇರಿಯಲ್ಲಿ ಹೇಳಿಕೊಂಡಿದ್ದ. ಸಾಹೇಬರ ಹೆಂಡತಿ ಗೌರಾಬಾಯಿ ಡಬ್ಬಿಯೊಳಗೆ ಬಗ್ಗಿ ನೋಡಿ, “ನನಗ ಶೇಂಗಾ ಒಗ್ಗೂದಿಲ್ಲಪಾ, ಮೈತುಂಬ ಪಿತ್ತದ ಗಂಧಿ ಏಳ್ತಾವ,” ಎಂದಿದ್ದರು. ಅದು ಖರೆ. ಶೇಂಗಾದ ಒಂದು ಕಾಳು ಬಾಯಿಗೆ ಬಿದ್ದರೆ ಅವರ ಮುಖ ಊದಿ ಕಣ್ಣು ಮುಚ್ಚುವುದನ್ನು ಕಚೇರಿಯವರೆಲ್ಲ ಕಂಡಿದ್ದರು. ಆದರೆ ಆ ಮಾತು ಅವರ ಬಾಯಿಂದ ಬಿದ್ದದ್ದೇ ತಡ, ಹೊಳೆ ದಾಟಲು ದೋಣಿ ಸಿಕ್ಕಂತೆ ಎಲ್ಲರೂ ಅದನ್ನೇ ಹತ್ತಿದರು. ಸಾಹೇಬರಿಗೆ ತುಪ್ಪ ಒಗ್ಗೂದಿಲ್ಲ. ಒಬ್ಬರಿಗೆ ಹಾಲು ಒಗ್ಗೂದಿಲ್ಲ. ಹಿರಿ ಕಾರಕೂನ ಶಿವಶರಣಪ್ಪ, “ನನಗ ಗೋದಿ ಒಗ್ಗೂದಿಲ್ಲೋ ಅಂಬಾದಾಸ, ಹೊಟ್ಟಿ ಉಬ್ಬರಸ್ತೈತಿ,” ಎಂದಿದ್ದ. ಅವನ ಎಡಗೈಯಲ್ಲಿ ಆಗ ಅರ್ಧ ಕಚ್ಚಿದ ಗೋದಿಯ ಕರ್ಚಿಕಾಯಿ ಇತ್ತು.

ಅಂಬಾದಾಸ ಆ ಕರ್ಚಿಕಾಯಿಯನ್ನು ಕಂಡಿದ್ದ. ಅದರ ಅಂಚಿನ ಮುರಿಗೆಗಳು, ಕಚ್ಚಿದ ಕಡೆ ಹಲ್ಲಿನ ಗುರುತು, ಶಿವಶರಣಪ್ಪನ ಹೆಬ್ಬೆರಳಿಗೆ ಅಂಟಿದ ಸಕ್ಕರೆ, ಎಲ್ಲ. ಕಂಡೂ ಕಂಡಿಲ್ಲವೆಂದು ಗೊತ್ತು ಮಾಡಿಕೊಂಡ. ನಂಬಿದರೆ ಅದು ಹೊಟ್ಟೆಯ ಮಾತು. ನಂಬದಿದ್ದರೆ ಹುಟ್ಟಿನ ಮಾತು. ಹೊಟ್ಟೆಗಾದರೆ ಮದ್ದಿದೆ. ಹಾಗಾಗಿ ಅವನು ವರ್ಷವಿಡೀ, ಕಚೇರಿಯ ಫೈಲುಗಳ ನಡುವೆ, ಯಾರ ಯಾರ ಹೊಟ್ಟೆಗೆ ಏನೇನು ಒಗ್ಗುವುದಿಲ್ಲ ಎಂಬುದನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡ. ಒಬ್ಬರಿಗೂ ನೆವ ಉಳಿಯದಂಥ ತಿನಿಸೊಂದನ್ನು ಸೃಷ್ಟಿಸುವೆನೆಂದು ಬ್ರಹ್ಮನಿಗೇ ಸವಾಲು ಹಾಕಿದವನಂತೆ ತಿರುಗಿದ. ಒಂದು ತುಂಡು ತಿನ್ನಲಿ. ಅವನ ಮನೆಯ ಒಲೆಯಿಂದ ಬಂದದ್ದನ್ನು, ಅವನ ಮನೆಯದೆಂದು ಗೊತ್ತಿದ್ದು, ಆ ಪಡಸಾಲೆಯಲ್ಲಿ ಒಬ್ಬರು ಒಂದು ತುಂಡು ತಿನ್ನಲಿ. ಅಷ್ಟೇ ಅವನಿಗೆ ಬೇಕಾದದ್ದು.

ಭಟ್ಟಿಯೊಳಗಿಂದ ಪೇರಲ ಮತ್ತು ಬೆಲ್ಲ ಕೂಡಿ ಬೇಯುವ ಕಂಪು ಬರತೊಡಗಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಮೂಗು ಅರಳಿಸಿ ಅವನ ಕಡೆ ನೋಡಿದಳು. ಆ ನೋಟ ಅವನನ್ನು ಹಳೆಯ ಒಂದು ದಿನಕ್ಕೆ ಒಯ್ದಿತು. ಬಬಲೇಶ್ವರದ ಬಸ್ಸು ನಿಲ್ಲುವ ಕಟ್ಟೆ, ಏಪ್ರಿಲಿನ ಉರಿ, ಕಚೇರಿ ಕೆಲಸಕ್ಕೆ ಜೊತೆಗೆ ಬಂದ ಶಿವಶರಣಪ್ಪ ಕೊಡೆ ಬಿಚ್ಚಿ ಕೂತಿದ್ದಾನೆ. ಮಗ ಇಲ್ಲಿಗೆ ಬಂದಾನೆಂಬ ಸುದ್ದಿ ತಿಳಿದು ಅವನ ತಾಯಿ ಪರಸವ್ವ ನಿಡೋಣಿಯಿಂದ ಬರಿಗಾಲಲ್ಲಿ ನಡೆದು ಬಂದಿದ್ದಾಳೆ. ಆ ನೆಲದಲ್ಲಿ ಆ ದಿನ ಹಕ್ಕಿಗಳೂ ಕಾಲಿಡುತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ರೊಟ್ಟಿಯನ್ನೂ ಒಣ ಖಂಡದ ಪಲ್ಯವನ್ನೂ ಮುಂದೆ ಹಿಡಿದಳು. ಖಾರದ, ಹೊಗೆಯ, ಮಾಂಸದ ಆ ವಾಸನೆ, ಹುಟ್ಟಿದಾಗಿನಿಂದ ಅವನ ಜೀವಕ್ಕೆ ಜೀವವಾದ ವಾಸನೆ, ಕೊಡೆಯ ಕಡೆಗೆ ಹರಿಯುವುದನ್ನು ಅವನು ಕಣ್ಣಿಂದಲೇ ಕಂಡ. “ನನಗ ಅದು ಒಗ್ಗೂದಿಲ್ಲ ಯವ್ವಾ,” ಎಂದ. ಬಾಯಲ್ಲಿ ಬಂದ ನೀರನ್ನು ನುಂಗಿ ಅಂದ. ಬಸ್ಸು ಹತ್ತಿದ ಮೇಲೆ ಶಿವಶರಣಪ್ಪ, “ಯಾರಪಾ ಆ ಮುದಕಿ?” ಎಂದು ಕೇಳಿದಾಗ, “ನಮ್ಮೂರಾಕಿರಿ,” ಎಂದ. ಸುಳ್ಳಲ್ಲವಲ್ಲ. ಅಂದಿನಿಂದ ಅವನು ನಿಡೋಣಿಗೆ ಹೋದಾಗಲೆಲ್ಲ ತಾಯಿ ಬರೀ ಅನ್ನ, ತಿಳಿಸಾರು ಮಾಡಿಡುತ್ತಾಳೆ. “ನನ್ನ ಮಗ ಆಫೀಸಿನ್ಯಾಗ ಅದಾನ, ಅವನ ಹೊಟ್ಟಿ ಭಾಳ ಸೂಕ್ಷ್ಮ,” ಎಂದು ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾಳೆ. ಅವಳು ಅಷ್ಟು ಸಲೀಸಾಗಿ ನಂಬಿದ್ದಳು. ಅಥವಾ ಅವಳೂ ನಂಬುವುದನ್ನು ಆರಿಸಿಕೊಂಡಿದ್ದಳೋ?

“ಲೇ ಬಾಬೂ, ನಿದ್ದಿ ಬಂತೇನು? ಹಿಡೀ ನಿನ್ನ ಪೇರಲ ಕೇಕು,” ಎಂದು ಮಶಾಕಸಾಬ ಬಿಸಿ ತಗಡನ್ನು ಹೊರಗೆಳೆದ. ಕೇಕು ಮಂಗಳಾರತಿಯ ತಾಮ್ರದ ತಟ್ಟೆಯಂತೆ ಹೊಳೆಯುತ್ತಿತ್ತು. ಮೂಲೆಯ ಚೂರೊಂದನ್ನು ಕೇಳದೆಯೇ ಮುರಿದು ಬಾಯಿಗೆ ಹಾಕಿಕೊಂಡ ಮಶಾಕಸಾಬ ಬೆರಳಿಗಂಟಿದ್ದನ್ನೂ ನೆಕ್ಕಿದ. “ಸಾಹೇಬಗ ಯಾಕ ಒಯ್ತಿ, ಇಲ್ಲೇ ಇಟ್ಟು ಹೋಗ,” ಎಂದ ಕೊನೆಗೆ. ತಗಡು ನಾಳೆ ಕೊಟ್ಟರೆ ಆಯಿತು ಎಂದೂ ಹೇಳಿ ಕಳಿಸಿದ. ಒಬ್ಬ ಆಗಲೇ ತಿಂದಾಗಿತ್ತು. ಅಂಬಾದಾಸನಿಗೆ ಅದು ಲೆಕ್ಕಕ್ಕೆ ಬರಲಿಲ್ಲ.

ಐದು ವರ್ಷದ ಹಿಂದೆ ಇದೇ ದಸರೆಯ ಹೊತ್ತಿಗೆ ನಾಡಿನ ಆಚೆಯಿಂದ ಬಂದ ಗಾಳಿಗೆ ಕೇರಿಗೆ ಕೇರಿಯೇ ಬೌದ್ಧವಾಗಿತ್ತು. ಅಂದಿನಿಂದ ಈ ದಿನ ಅವರಿಗೆ ಬನ್ನಿಯ ಹಬ್ಬವಲ್ಲ. ಕೇರಿಯ ನಡುವೆ ಬುದ್ಧನ ಪಟ ಇಟ್ಟು, ಒಂದೇ ಹಂಡೆಯಲ್ಲಿ ಬೇಯಿಸಿ, ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುವ ದಿನ. ಸಂಜೆ ಅಂಬಾದಾಸ ಕೋಟು ತೊಡುತ್ತಿದ್ದರೆ ಹೊರಗೆ ಹಂಡೆಗೆ ಕಟ್ಟಿಗೆ ಒಟ್ಟುವ ಸಪ್ಪಳ ಕೇಳುತ್ತಿತ್ತು.

“ಇಲ್ಲಿ ಉಣ್ಣಾಕ ಕರದಾರ. ಅಲ್ಲಿ ತಿನ್ನಸಾಕ ಹೊಂಟೀರಿ,” ಎಂದಳು ಸೀತವ್ವ. ಸಿಟ್ಟಿನಿಂದಲ್ಲ.

“ಸಾಹೇಬರು ಮನಿ ಮಂದಿನೂ ಕರಕೊಂಡು ಬಾ ಅಂದಾರ. ನೀನೂ ಬಾ. ಬಂದು ಕಣ್ಣಾರೆ ನೋಡು.”

“ಏನ ನೋಡಲಿ?”

“ತಿನ್ನೂದನ್ನ.”

ಅವಳು ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದಳು. ಆ ಒಂದು ಗಳಿಗೆ ಅಂಬಾದಾಸನಿಗೆ ತಾನು ಗೆದ್ದಾಗಿದೆ ಅನ್ನಿಸಿತು.

ಸಾಹೇಬರ ಮನೆಯ ಮುಂದಿನ ಕಟ್ಟೆಯ ಮೇಲೆ ಅವಳು ಕೂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಳಗಿನ ಮಾತೆಲ್ಲ ಕೇಳುವಷ್ಟು ಸಮೀಪ. ಪಡಸಾಲೆಯಲ್ಲಿ ವಿಜಾಪುರ ಜಿಲ್ಲೆಯ ಅರ್ಧ ಜನ ಕಿಕ್ಕಿರಿದಿದ್ದಾರೇನೋ ಎಂಬಂತಿತ್ತು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ,” ಎಂದು ಅಂಬಾದಾಸ ಬನ್ನಿಯನ್ನು ಸಾಹೇಬರ ಮುಂದಿನ ಮೇಜಿನ ಮೇಲಿಟ್ಟ. ಸಾಹೇಬರು ಎತ್ತಿಕೊಂಡರು, ತಮ್ಮ ಬನ್ನಿಯನ್ನು ಅವನ ಬೊಗಸೆಗೆ ಗೇಣು ಮೇಲಿಂದ ಬಿಟ್ಟರು. ಎಲೆ ಬೀಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. ಅಷ್ಟರಲ್ಲಿ ಗೌರಾಬಾಯಿ ಅವನು ಮೇಜಿನ ತುದಿಗಿಟ್ಟ ತಗಡನ್ನು ಕಂಡಿದ್ದರು. ಅದರ ಅಂಚಿನ ಮೇಲೆ ಮಶಾಕಸಾಬನ ಹೆಸರು ಕೊರೆದಿತ್ತು.

“ಏ, ಭಟ್ಟೀ ಮಾಲ ತಂದೀಯೇನು? ಛಲೋ ಮಾಡಿದಿ. ಬೆಂಕ್ಯಾಗ ಸುಟ್ಟಿದ್ದಕ್ಕ ಯಾವ ಮೈಲಿಗೀನೂ ಇಲ್ಲ,” ಎಂದು ನಕ್ಕು, “ಶೇಂಗಾ ಗಿಂಗಾ ಇಲ್ಲಲಾ?” ಎಂದು ಕೇಳಿದರು.

“ವಾಸನಿನೂ ಇಲ್ಲರಿ ಬಾಯಾರ. ಗೋದಿ ಇಲ್ಲ, ತುಪ್ಪ ಇಲ್ಲ, ಹಾಲಿಲ್ಲ, ತತ್ತಿ ಇಲ್ಲ...” ಅವನು ಮುಂದಿನದನ್ನು ಹೇಳುವಷ್ಟರಲ್ಲಿ ಅವರ ಬಾಯಲ್ಲಿ ತುಂಡು ಇತ್ತು. ಕಣ್ಣು ಮುಚ್ಚಿದರು. ಮತ್ತೊಂದು ತುಂಡು ತೆಗೆದುಕೊಂಡರು. ಸಾಹೇಬರಿಗೂ ಕೊಟ್ಟರು. ಶಿವಶರಣಪ್ಪ ಮೂರು ತುಂಡು ತಿಂದ, ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡ. ಪಡಸಾಲೆಯ ಉಳಿದ ಚಕ್ಕುಲಿ, ಕರ್ಚಿಕಾಯಿಗಳೆಲ್ಲ ಅನಾಥವಾದವು. “ಆ ಸಾಬ ಕೈಯಾಗ ಏನ ಇಟಗೊಂಡಾನಪಾ!” ಎಂದರು ಗೌರಾಬಾಯಿ. ಅಂಬಾದಾಸ ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಎಲ್ಲರೂ ತಿಂದಂತೆಯೂ ಆಗುತ್ತಿತ್ತು, ಯಾರೂ ತಿನ್ನದಂತೆಯೂ ಆಗುತ್ತಿತ್ತು. ಗಡಿಯಾರದ ಲೋಲಕ ಹತ್ತು ಸಲ ತೂಗುವವರೆಗೆ, ಇಪ್ಪತ್ತು ಸಲ ತೂಗುವವರೆಗೆ ಅವನು ತಡೆದುಕೊಂಡ. ಗೌರಾಬಾಯಿ ತುಟಿಯ ಅಂಚಿನ ಬೆಲ್ಲವನ್ನು ನಾಲಿಗೆಯಿಂದ ಒರೆಸಿಕೊಂಡಾಗ ಅವನೊಳಗೆ ಏನೋ ಕಟ್ಟೆಯೊಡೆಯಿತು.

“ಭಟ್ಟೀ ಅಷ್ಟ ಅವಂದರಿ. ಮಾಡಿದಾಕಿ ನಮ್ಮ ಮನ್ಯಾಕಿ. ನಮ್ಮ ಮನ್ಯಾಗ.”

ಶಿವಶರಣಪ್ಪನ ದವಡೆ ನಿಂತಿತು. ಗೌರಾಬಾಯಿ ನಗುತ್ತಲೇ ಇದ್ದರು; ನಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ. “ಹೌದಾ? ಛಲೋ ಆಗೈತಿ,” ಎಂದರು. ನಿಜವಾಗಿಯೂ ಒಳ್ಳೆಯ ದನಿಯಲ್ಲಿಯೇ ಅಂದರು. ಹಾಗನ್ನುತ್ತ ಮೊಣಕೈಯನ್ನು ಒಮ್ಮೆ ತುರಿಸಿಕೊಂಡರು. ಕುತ್ತಿಗೆಯನ್ನು. ಮತ್ತೆ ಮೊಣಕೈಯನ್ನು. ನೋಡುತ್ತಿದ್ದಂತೆ ಅವರ ಬಿಳಿ ಚರ್ಮದ ಮೇಲೆ ಕೆಂಪಗೆ ಗಂಧೆ ಎದ್ದವು, ರೊಟ್ಟಿ ಉಬ್ಬಿದಂತೆ, ಒಂದರ ಮಗ್ಗುಲಿಗೆ ಒಂದು, ಮೊಣಕೈಯಿಂದ ತೋಳಿಗೆ, ತೋಳಿನಿಂದ ಕೊರಳಿಗೆ. “ಅಯ್ಯ, ಗಂಧಿ ಏಳಾಕತ್ತಾವ್ರೀ!” ಎಂದು ಅವರು ಗಂಡನನ್ನು ನೋಡಿದರು. ಆ ಕಣ್ಣಲ್ಲಿದ್ದದ್ದು ನಟನೆಯಲ್ಲ, ಹೆದರಿಕೆ. ಯಾರೋ ಪಿತ್ತ ಇಳಿಸುವ ಅಮಸೂಲಿನ ನೀರು ತರಲು ಓಡಿದರು. “ಏನ ಹಾಕಿದ್ದೀಯೋ ಅದರಾಗ?” ಎಂದರು ಸಾಹೇಬರು. “ಖರೆ ಹೇಳು, ಏನ ಹಾಕಿದ್ದಿ?”

ಅಂಬಾದಾಸ ಆ ಗಂಧೆಗಳನ್ನೇ ನೋಡುತ್ತಿದ್ದ. ವರ್ಷವಿಡೀ ಅವನು ಕಾದದ್ದು ಸುಳ್ಳಿಗೆ. ಸುಳ್ಳಿಗೆ ಅವನ ಬಳಿ ಉತ್ತರವಿತ್ತು. ಆದರೆ ಮೈ ಸುಳ್ಳು ಹೇಳುವುದಿಲ್ಲ. ಎರಡು ತುಂಡು ತಿಂದು ಸುಖವಾಗಿದ್ದ ಮೈ, ಒಂದು ಮಾತು ಕಿವಿಗೆ ಬಿದ್ದದ್ದೇ ತನ್ನಷ್ಟಕ್ಕೆ ತಾನೇ ಎದ್ದು ನಿಂತಿತ್ತು. ಅವರಿಗೇ ಅದು ಗೊತ್ತಿರಲಿಲ್ಲ. ಪಾಪ, ಅವರು ತುರಿಸಿಕೊಳ್ಳುತ್ತಿದ್ದರು. ಅವರ ಒಳಗೆ ಅಷ್ಟು ಆಳದಲ್ಲಿ ತಾನಿದ್ದೇನೆ, ರಕ್ತಕ್ಕೆ ಗೊತ್ತಾಗುವಷ್ಟು ಆಳದಲ್ಲಿ. ಪಡಸಾಲೆಯ ಅಷ್ಟೂ ಕಣ್ಣು ಅವನ ಮುಖದ ಮೇಲಿದ್ದವು, ಮತ್ತು ಆ ಎಲ್ಲ ಕಣ್ಣುಗಳೂ ಒಂದು ಉತ್ತರವನ್ನು ಬೇಡುತ್ತಿದ್ದವು; ಯಾವುದಾದರೂ ಒಂದು ಉತ್ತರ, ಅವರೆಲ್ಲರೂ ಮನೆಗೆ ಒಯ್ಯಬಹುದಾದಂಥದ್ದು. ಏನೂ ಹಾಕಿಲ್ಲ ಎಂದರೆ ಉಳಿಯುವುದು ಒಂದೇ, ಹುಟ್ಟಿನ ಮಾತು. ಅದನ್ನು ಕೇಳಲು ಅವರೂ ತಯಾರಿರಲಿಲ್ಲ, ಅವನೂ ತಯಾರಿರಲಿಲ್ಲ.

“ಎಣ್ಣಿ,” ಎಂದ. ದನಿ ತನ್ನದಲ್ಲವೆನ್ನಿಸಿತು. “ಕುಸುಬಿ ಎಣ್ಣಿ ಹಾಕು ಅಂದಿದ್ನಿರಿ. ಡಬ್ಬಿ ತಪ್ಪಿಸಿ ಶೇಂಗಾ ಎಣ್ಣಿ ಹಾಕ್ಯಾಳ ಕಾಣಸ್ತೈತಿ.”

ಇಡೀ ಮನೆ ಒಮ್ಮೆಲೇ ಉಸಿರು ಬಿಟ್ಟಿತು. ಮುಂಗಾರು ಬಿದ್ದಾಗಲೂ ಡೋಣಿ ಹೊಳೆಯ ದಂಡೆಯ ಮಂದಿ ಅಷ್ಟು ನಿರಾಳವಾಗಿರಲಿಕ್ಕಿಲ್ಲ. “ಹಾಂ! ಶೇಂಗಾ! ಅದಕ್ಕ ಮತ್ತ!” ಎಂದರು ಸಾಹೇಬರು. “ಹೆಣ್ಮಕ್ಕಳು ಹಿಂಗ ಬಿಡು, ಡಬ್ಬಿ ಡಬ್ಬಿ ಗೊತ್ತಾಗೂದಿಲ್ಲ,” ಎಂದ ಶಿವಶರಣಪ್ಪ, ಕೈಯಲ್ಲಿದ್ದ ನಾಲ್ಕನೆಯ ತುಂಡನ್ನು ಮೆಲ್ಲಗೆ ತಗಡಿಗೆ ಮರಳಿಸುತ್ತ. ಗೌರಾಬಾಯಿ ಅಮಸೂಲಿನ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಎಲ್ಲರಿಗಿಂತ ಹೆಚ್ಚು ಸಮಾಧಾನಗೊಂಡಿದ್ದರು. ಗಂಧೆ ಆಗಲೇ ಇಳಿಯತೊಡಗಿದ್ದವು.

“ಮನಿಗೆ ಹೋಗಿ ಆಕಿನ್ನ ಬೈಬ್ಯಾಡಪಾ ಮತ್ತ,” ಎಂದರು. “ಪಾಪ, ಗೊತ್ತಾಗಿಲ್ಲ ಆಕಿಗೆ. ಏನ ಹೆಸರು ಆಕೀದು?”

“ಸೀತವ್ವರಿ.”

“ಸೀತವ್ವಗ ಹೇಳು, ನಾ ಏನೂ ಮನಸಿಗೆ ಹಚ್ಚಿಕೊಂಡಿಲ್ಲಂತ.”

ಹೇಳಬೇಕಾಗಿರಲಿಲ್ಲ. ಅವನು ತಗಡು ಹಿಡಿದು ಹೊರಗೆ ಬಂದಾಗ ಅವಳು ಕಟ್ಟೆಯಿಂದಿಳಿದು ನಿಂತಿದ್ದಳು. ಇಬ್ಬರೂ ನಡೆದರು. ಅವಳು ಮುಂದೆ, ಅವನು ಹಿಂದೆ. ರಸ್ತೆಯಲ್ಲಿ ಬನ್ನಿ ಹಂಚುವವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಬಹಳ ದೂರ ನಡೆದ ಮೇಲೆ ಅಂಬಾದಾಸ, “ಬಾಯಾರು ಎರಡ ತುಂಡ ತಿಂದ್ರು. ಶಿವಶರಣಪ್ಪ ಮೂರು,” ಎಂದ.

“ನಾಕು ವರ್ಷ ಆತು ನೀವು ಆ ಮನಿಗೆ ಹೋಗಾಕತ್ತು,” ಎಂದಳು ಸೀತವ್ವ, ತಿರುಗಿ ನೋಡದೆ. “ನನ್ನ ಹೆಸರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತ ಗೊತ್ತಾತು.”

ಅವನಿಗೆ ಹೇಳಲು ಒಂದು ಲಕ್ಷ ಮಾತಿದ್ದವು. ಆ ಮಾತು ಅಲ್ಲಿ ಬೇಕಾಗಿತ್ತು, ಇನ್ನೇನು ಹೇಳಲಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ, ನಿನ್ನ ಮೇಲೆ ಹಾಕಿದೆನೆಂದರೆ ನೀನು ನನ್ನವಳಲ್ಲವೇ. ತಗಡನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಹೆಜ್ಜೆಯ ಹಿಂದೆಯೇ ನಡೆದ. ಕೇರಿ ಬಂತು. ಹಂಡೆ ಇಳಿಸಿ ಮಂದಿ ಸಾಲಾಗಿ ಕೂತಿದ್ದರು. ಸೀತವ್ವ ಅವನ ಕೈಯಿಂದ ತಗಡನ್ನು ತೆಗೆದುಕೊಂಡು, ಉಳಿದ ತುಂಡುಗಳನ್ನು ಒಂದೊಂದಾಗಿ ಎಲ್ಲರ ಗಂಗಾಳಕ್ಕೆ ಹಾಕುತ್ತ ನಡೆದಳು. ಸಾಲಿನ ತುದಿಯಲ್ಲಿದ್ದ ಮುದುಕಿ ಸಕ್ರವ್ವ ತುಂಡನ್ನು ಮೂಗಿಗೆ ಹಿಡಿದು, “ಏನ ಬೇ ಇದು, ಇಷ್ಟ ಘಮ್ ಅಂತೈತಿ? ಏನ ಹಾಕಿ ಮಾಡೀಯ?” ಎಂದು ಕೇಳಿದಳು.

ಸೀತವ್ವ ನಿಂತು, ಗಂಡನ ಕಡೆ ಮುಖ ತಿರುಗಿಸಿದಳು.

“ಅವ್ರನ್ನ ಕೇಳ ಯತ್ತೆವ್ವಾ. ನಾ ಏನ ಹಾಕೀನಿ ಅನ್ನೂದು ನನಗಿಂತ ಅವ್ರಿಗೆ ಛಲೋ ಗೊತ್ತೈತಿ.”

ಸಾಲಿನವರೆಲ್ಲ ತುಂಡನ್ನು ಕೈಯಲ್ಲೇ ಹಿಡಿದು, ಇವನು ಇನ್ನು ಏನು ದೊಡ್ಡ ಕತೆ ಹೇಳುತ್ತಾನೋ ಎಂದು ನಗುಮುಖ ಮಾಡಿಕೊಂಡು ಅಂಬಾದಾಸನ ಬಾಯನ್ನೇ ನೋಡುತ್ತ ಕೂತರು.